ಕೈಯೂರಿ ಹತ್ತುವ ಮೆಟ್ಟಿಲು

ಮೆಟ್ಟಿಲಿಗೆ ಕಲ್ಲು ಆರಿಸಲು ಬರುವವರಲ್ಲಿ ಮುಕ್ಕಾಲು ಮಂದಿ ಕಣ್ಣನ್ನಷ್ಟೇ ತರುತ್ತಾರೆ, ಕಾಲನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಸೊಲ್ಲಾಪುರದಲ್ಲಿ ಅಕ್ಕಲಕೋಟೆ ರಸ್ತೆಯ ಮೇಲೆ ನಮ್ಮದೊಂದು ಫರಸಿ ಅಂಗಡಿ ಇದೆ. ಫರಸಿ ಎಂದರೆ ನೆಲಕ್ಕೂ ಮೆಟ್ಟಿಲಿಗೂ ಹಾಸುವ ಕಲ್ಲು. ವ್ಯಾಪಾರ ನಮ್ಮ ಮನೆಯವರದು, ಅಳತೆ ನನ್ನದು. ಟೇಪು ಹಿಡಿದು ಕಟ್ಟುತ್ತಿರುವ ಮನೆಗಳಿಗೆ ಹೋಗುವವಳು ನಾನೇ. ಹೆಂಗಸು ಏನು ಅಳೆಯುತ್ತಾಳೆ ಎಂದು ಮೊದಮೊದಲು ನಕ್ಕ ಗೌಂಡಿಗಳು ಈಗ ನಾನು ಬರುವ ಮೊದಲೇ ಜಾಗ ಗುಡಿಸಿ ಇಡುತ್ತಾರೆ. ನನ್ನ ಬಾಯಿಗೆ ಹೆದರಿ ಗುಡಿಸುತ್ತಾರೆ, ಗೌರವಕ್ಕಲ್ಲ. ಅದೂ ನನಗೆ ಗೊತ್ತಿದೆ.

ಗಿರಾಕಿ ಬರುತ್ತಾನೆ, ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತಾನೆ. "ತಾಈ, ಅಸಾಚ್ ಪಾಹಿಜೆ." ಇಂಥದ್ದೇ ಬೇಕಂತೆ. ಫೋಟೊದಲ್ಲಿ ಗೋಡೆಯಿಂದ ಹೊರಗೆ ಚಾಚಿದ ಬರೀ ಹಲಗೆಗಳ ಮೆಟ್ಟಿಲು, ನಡುವೆ ಎಲ್ಲ ಬಯಲು. ಇದಕ್ಕೆ ಎರಡು ಪದರ ಕಲ್ಲು ಅಂಟಿಸಿ ದಪ್ಪ ಮಾಡಬೇಕು, ಒಂದೇ ಪದರ ಹಾಕಿದರೆ ಎಂದಾದರೂ ಒಂದು ದಿನ ಕಾಲ ಕೆಳಗೇ ಸೀಳುತ್ತದೆ ಎಂದು ಹೇಳಿದರೆ, "ಪಣ ಲುಕ್ ಜಾತೋ ನಾ" ಎನ್ನುತ್ತಾನೆ. ಅಂದ ಕೆಡುತ್ತದಂತೆ, ಕಾಲು ಮುರಿದರೆ ನಡೆಯುತ್ತದಂತೆ. ಇನ್ನೊಬ್ಬನದು ದುಂಡಗೆ ಸುತ್ತಿಕೊಂಡು ಏರುವ ಮೆಟ್ಟಿಲು. ಅವನು ಹೊರ ಅಂಚಿನ ಅಗಲ ಅಳೆದುಕೊಂಡು ಬಂದಿರುತ್ತಾನೆ. ಹೊರ ಅಂಚಿಗೆ ಒರಗಿಕೊಂಡು ಯಾರಪ್ಪಾ ನಡೆಯುತ್ತಾರೆ? ಕಾಲು ಬೀಳುವ ಜಾಗದಲ್ಲಿ ಅಳೆಯಬೇಕು ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಹಳೆಯ ವಾಡೆಗಳಲ್ಲಿ ಎರಡು ಗೋಡೆಗಳ ನಡುವೆ ಕಡಿದಾದ ಕತ್ತಲೆ ಮೆಟ್ಟಿಲಿರುತ್ತಿದ್ದವು. ಆದರೆ ಮೇಲಿನಿಂದ ಒಂದು ದಪ್ಪ ಹಗ್ಗ ಇಳಿಬಿಟ್ಟಿರುತ್ತಿದ್ದರು, ಹಿಡಿದುಕೊಂಡು ಹತ್ತಲು. ಆ ಹಗ್ಗದಷ್ಟು ಬುದ್ಧಿ ಇವತ್ತಿನ ಬಂಗಲೆಗಳಲ್ಲಿ ಇಲ್ಲ.

ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಹೆಜ್ಜೆ ಯಾರದು? ಅವರ ಕಾಲಿಗೆ ಮೆಟ್ಟಿಲು ಮಾಡಿಸಿ, ಉಳಿದವರು ಹೇಗೂ ಹತ್ತುತ್ತಾರೆ. ಎತ್ತರ ಆರಿಂಚು, ಹೆಚ್ಚೆಂದರೆ ಆರೂವರೆ. ಪಾದ ಇಡುವ ಹಾಸು ಹನ್ನೊಂದಕ್ಕಿಂತ ಕಡಿಮೆ ಬೇಡ. ಕೇಳಿಸಿಕೊಂಡು ತಲೆಯಾಡಿಸಿ, ಹೋಗಿ ತಮಗೆ ತೋಚಿದ್ದನ್ನು ಮಾಡುತ್ತಾರೆ. ಪರರ ಮನೆ ವಿಷಯ, ಬೈದುಕೊಂಡು ಸುಮ್ಮನಾಗುತ್ತೇನೆ. ನನ್ನ ಒಡಹುಟ್ಟಿದ ತಮ್ಮನೇ ಅದೇ ಕೆಲಸ ಮಾಡಿದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ಇವತ್ತಿಗೂ ಆಗುತ್ತಿಲ್ಲ.

ನನ್ನ ತವರು ಕರಜಗಿ. ಹೊಲವೂ ಇದೆ, ಕುರಿಯೂ ಇವೆ. ತಮ್ಮ ಹಳೆಯ ಮಾಳಿಗೆ ಮನೆಯ ಪಕ್ಕದಲ್ಲಿ ಹೊಸದಾಗಿ ಎರಡಂತಸ್ತಿನ ಮನೆ ಕಟ್ಟಿಸಿದ. ಹಾಲ್ ಎತ್ತರವಾಗಿ ಕಾಣಲಿ ಎಂದು ನಡುವೆ ಮನಸ್ಸು ಬದಲಿಸಿ ಸ್ಲ್ಯಾಬನ್ನು ಒಂದಡಿ ಮೇಲಕ್ಕೇರಿಸಿದ. ಮೆಟ್ಟಿಲಿಗೆ ಬಿಟ್ಟ ಜಾಗ ಮಾತ್ರ ಇದ್ದಷ್ಟೇ ಇತ್ತು. ಅಷ್ಟೇ ಜಾಗದಲ್ಲಿ ಅದಕ್ಕಿಂತ ಎತ್ತರ ಏರಬೇಕಾದರೆ ಏನಾಗುತ್ತದೆ ಎಂದು ಸಾಲಿ ಕಲಿಯದವನಿಗೂ ತಿಳಿಯಬೇಕು. ಒಂದೊಂದು ಮೆಟ್ಟಿಲೂ ಎಂಟೂವರೆ ಇಂಚು ಎತ್ತರವಾಯಿತು, ಹಾಸು ಒಂಬತ್ತಿಂಚಿಗೆ ಇಳಿಯಿತು. ನಡುವೆ ನಿಂತು ಉಸಿರು ಬಿಡಲು ಚೌಕವೂ ಇಲ್ಲ. ಕೆಳಗಿನಿಂದ ಮೇಲಿನವರೆಗೆ ಒಂದೇ ಏರು.

ಅವನು ಅಂಗಡಿಗೆ ಬಂದ ದಿನ ನನಗೆ ಇದೊಂದೂ ಗೊತ್ತಿರಲಿಲ್ಲ. "ಅಕ್ಕಾ, ಕರೀ ಗ್ರಾನೈಟ್ ಬೇಕು. ಅದರಾಗ ಮಾರಿ ಕಾಣಬೇಕು ನೋಡು, ಹಂಗ ಪಾಲಿಶ್ ಇರಬೇಕು" ಅಂದ.

"ಮಾರಿ ನೋಡ್ಕೊಳ್ಳಾಕ ಕನ್ನಡಿ ತಗೋ. ಪಾವಟಿಗಿಗೆ ಯಾಕ?" ಅಂದೆ. ಮೆಟ್ಟಿಲಿಗೆ ನಮ್ಮ ಕಡೆ ಪಾವಟಿಗಿ ಎನ್ನುತ್ತಾರೆ.

"ನಿನ್ನ ಕಡಿ ಐತೋ ಇಲ್ಲೋ, ಅಷ್ಟ ಹೇಳು."

"ಮೊದಲ ಬಂದು ಅಳೀತೀನಿ. ಆಮ್ಯಾಲ ಹೇಳತೀನಿ."

ಎಸ್‌ಟಿ ಬಸ್ಸು ಹಿಡಿದು ಹೋಗಿ ಅಳೆದೆ. ಟೇಪು ಎಳೆಯುವಾಗಲೇ ಪಿತ್ತ ನೆತ್ತಿಗೇರಿತು. ಕೆಳಗಿನ ನೆಲಕ್ಕೆ ಇನ್ನೂ ಟೈಲ್ಸ್ ಬರಬೇಕಿತ್ತು. ಬಂದರೆ ಮೊದಲ ಮೆಟ್ಟಿಲು ಒಂದು ಎತ್ತರ, ಉಳಿದವು ಇನ್ನೊಂದು ಎತ್ತರ. ಎಡವಲು ಅಷ್ಟೇ ಸಾಕು. ಪಕ್ಕಕ್ಕೆ ಹಿಡಿಯಲು ಕಂಬಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಕಂಬಿ ಇಲ್ಲ, ಗಾಜು ಬರುತ್ತದೆ ಎಂದ. ಗಾಜಿನ ಮೇಲಂಚು ಬೋಳಾಗಿರುತ್ತದೆ, ಹಾಗಿದ್ದರೇನೇ ಚೆನ್ನಾಗಿ ಕಾಣುತ್ತದಂತೆ. ಕೊನೆಗೆ, ಮೇಲೆ ಏನಿದೆ ಎಂದು ಕೇಳಿದೆ.

"ದೇವ್ರ ಕೋಲಿ" ಅಂದ. ದೇವರ ಕೋಣೆ.

ಬೀರೋಬಾ ನಮ್ಮ ಮನೆದೇವರು. ದೇವರ ತಲೆಯ ಮೇಲೆ ಯಾರೂ ಅಡ್ಡಾಡಬಾರದು ಎಂಬುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಮಾತು. ಹಳೆಯ ಮನೆಯಲ್ಲಿ ದೇವರು ಅಡುಗೆಮನೆಯ ಮಗ್ಗುಲಲ್ಲೇ, ನೆಲಮಟ್ಟದಲ್ಲೇ ಇದ್ದ. ಮೇಲೆ ಬರೀ ಮಣ್ಣಿನ ಮಾಳಿಗೆ, ಹಪ್ಪಳ ಒಣಗಿಸಲು ಹತ್ತುವಾಗಲೂ ಅವ್ವ ಆ ಮೂಲೆ ಬಿಟ್ಟು ಸುತ್ತಿ ಹೋಗುತ್ತಿದ್ದಳು. ಮನೆ ಎರಡಂತಸ್ತಾದ ಮೇಲೆ ದೇವರು ಮೇಲಕ್ಕೇ ಹೋಗಬೇಕು, ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಆ ದೇವರ ಪೂಜೆ ದಿನವೂ ಯಾರು ಮಾಡುತ್ತಾರೆ? ಅವ್ವ. ಸೊಸೆಯಾಗಿ ಈ ಮನೆ ತುಂಬಿದಂದಿನಿಂದ ಅವಳೇ. ಬೆಳಿಗ್ಗೆ ಎದ್ದು ದೇವರಿಗೆ ನೀರು ಹಾಕಿ ಅರಿಶಿನದ ಭಂಡಾರ ಹಚ್ಚದೆ ಅವಳು ಬಾಯಿಗೆ ಚಹಾ ತಾಗಿಸಿದ್ದನ್ನು ನಾನು ನೋಡಿಲ್ಲ. ಅವಳಿಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಬಾತಿವೆ.

"ಅವ್ವ ಇದನ್ನ ಹೆಂಗ ಹತ್ತತಾಳೋ?" ಅಂದೆ.

"ಅವ್ವ ಕುರಿ ಹಿಂದ ಹಳ್ಳ ದಿಣ್ಣಿ ತಿರಗಿದಾಕಿ. ಆಕಿಗೆ ಇದು ಯಾವ ಲೆಕ್ಕ?"

"ತಿರಗಿದ್ದು ಯಾವಾಗ? ಈಗಿನ ಮೊಣಕಾಲು ಕೇಳಿ ನೋಡೀಯೇನು?"

ಕೇಳಿರಲಿಲ್ಲ. ಮನೆಯ ಬಣ್ಣ ಯಾವುದಿರಲಿ ಎಂದು ಅತ್ತೆಮನೆಯವರೆಗೆ ಫೋನು ಮಾಡಿದವನು, ದಿನಾ ಮೆಟ್ಟಿಲು ಹತ್ತಬೇಕಾದವಳನ್ನು ಒಂದು ಮಾತು ಕೇಳಿರಲಿಲ್ಲ. ನಾನು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಹೊರಗೋಡೆಗೆ ಹೊಂದಿಸಿ ತಗ್ಗು ಮೆಟ್ಟಿಲು ಕಟ್ಟಿಸು, ಒರಟು ಶಹಾಬಾದಿ ಫರಸಿ ಹಾಕೋಣ, ಹಳೆಯ ಮನೆಗೂ ಹೊರಗಡೆಯೇ ಮೆಟ್ಟಿಲಿರಲಿಲ್ಲವೇ? ಆಗದಿದ್ದರೆ ಹೋಗಲಿ, ಕನ್ನಡಿ ಪಾಲಿಶ್ ಬಿಟ್ಟು ಒರಟು ಕಲ್ಲು ತಗೋ, ಅಂಚಿಗೆ ಮೂರು ಗೀರು ಕೊಯ್ಸು, ಗಾಜಿನ ಬದಲು ಹಿಡಿಯಲು ಒಂದು ಪೈಪು ಹಾಕಿಸು. ನಿನ್ನ ಮನೆಯಲ್ಲಿ ಭಂಡಾರ ಚೆಲ್ಲುತ್ತದೆ, ಅರಿಶಿನದ ಪುಡಿ ಬಿದ್ದ ನುಣುಪು ಕಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ. ಎಲ್ಲವೂ ಬೋರ್ಗಲ್ಲ ಮೇಲೆ ನೀರು ಹೊಯ್ದಂತೆ ಆಯಿತು. ಹೊರಗೆ ಮೆಟ್ಟಿಲು ಕಟ್ಟಿದರೆ ಮನೆಯ ಮುಖ ಕೆಡುತ್ತದಂತೆ. ಗೀರು ಕೊಯ್ದರೆ ಅದರಲ್ಲಿ ಮಣ್ಣು ಕೂರುತ್ತದಂತೆ.

"ಹಂಗಾದ್ರ ಕಲ್ಲು ನನ್ನ ಅಂಗಡ್ಯಾಂದು ಸಿಗಂಗಿಲ್ಲ" ಅಂದೆ.

"ಸೊಲ್ಲಾಪುರದಾಗ ನಿಂದೊಂದ ಅಂಗಡಿ ಐತೇನು?" ಅಂದ.

ಇಲ್ಲ, ಬೇಕಾದಷ್ಟಿವೆ. ಇನ್ನೊಂದು ಅಂಗಡಿಯಿಂದ ಕಲ್ಲು ಬಂತು, ಮುಖ ಕಾಣುವ ಕಲ್ಲು. ನಮ್ಮ ಮನೆಯವರನ್ನು ನೀವಾದರೂ ಅವನಿಗೆ ಹೇಳಿ ಎಂದರೆ, ಅವನದೂ ಸರಿ, ನಿನ್ನದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆ ವಾರ ಮನೆಯಲ್ಲಿ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ವಾಸ್ತುಶಾಂತಿಯ ದಿನ ಹೋದೆ, ಹೋಗದೆ ಇರಲಾದೀತೆ? ಹಳೆಯ ಮನೆಯಿಂದ ದೇವರನ್ನು ಕಂಬಳಿಯಲ್ಲಿ ಸುತ್ತಿ ಮನೆತನದ ಹಿರಿಯರೊಬ್ಬರು ಎತ್ತಿಕೊಂಡರು. ಮುಂದೆ ಡೊಳ್ಳು, ಹಿಂದೆ ಚಾಂಗಭಲ ಎಂಬ ಕೂಗು, ಮುಷ್ಟಿ ಮುಷ್ಟಿ ಭಂಡಾರ. ನಾನು ಆ ಹೊತ್ತಿಗೆ ಹಿತ್ತಲಲ್ಲಿ ಅಡುಗೆಯವರ ಹತ್ತಿರ ಇದ್ದೆ. ಒಳಗೆ ಏನಾಯಿತೆಂದು ಕಂಡದ್ದು ಮರುದಿನ ಸೊಲ್ಲಾಪುರದಲ್ಲಿ, ಮೊಬೈಲಿನಲ್ಲಿ. ತಮ್ಮ ವಿಡಿಯೋ ತೆಗೆದು ಸ್ಟೇಟಸ್ ಹಾಕಿದ್ದ.

ಕರೀ ಮೆಟ್ಟಿಲು ಹಳದಿಯಾಗಿವೆ. ದೇವರು ಮೇಲೆ ಹೋಗಿ ಆಗಿದೆ. ಕೆಳಗೆ ಅವ್ವ ಒಬ್ಬಳೇ ನಿಂತಿದ್ದಾಳೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಆಮೇಲೆ ಬಾಗಿ ಎರಡೂ ಅಂಗೈ ಮೇಲಿನ ಮೆಟ್ಟಿಲಿಗೆ ಊರಿ, ಹತ್ತತೊಡಗುತ್ತಾಳೆ. ಜನರ ನಡುವಿನಿಂದ ಯಾರದೋ ಮುದಿ ದನಿ ಕೇಳುತ್ತದೆ. "ನೋಡ್ರಿ, ಒಂದೊಂದ ಪಾವಟಿಗಿಗೂ ನಮಸ್ಕಾರ ಮಾಡಾಕತ್ತಾಳ ತಾಯಿ!" ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಕೆಳಗೆ ತಮ್ಮ ಮರಾಠಿಯಲ್ಲಿ ಬರೆದಿದ್ದ, ಇದು ನಮ್ಮ ಅವ್ವನ ಭಕ್ತಿ ಎಂದು.

ನಮಸ್ಕಾರವಂತೆ! ನಮಸ್ಕಾರ ಮಾಡುವವರ ತಲೆ ಬಾಗಿರುತ್ತದೆ. ಅವ್ವನ ತಲೆ ಎತ್ತಿತ್ತು, ಕಣ್ಣು ಮುಂದಿನ ಮೆಟ್ಟಿಲು ಎಷ್ಟು ದೂರ ಎಂದು ನೋಡುತ್ತಿತ್ತು. ಕೈ ಗಾಜಿನ ಕಡೆ ಹೋಗಲಿಲ್ಲ, ಗೋಡೆಯ ಕಡೆಗೇ ಸರಿಯುತ್ತಿತ್ತು. ಪ್ರತಿ ಸಲವೂ ಬೆರಳು ಊರಿ, ಜಾರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮೈಭಾರ ಬಿಡುತ್ತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ನಿನಗೆ ಕಲ್ಲು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ ಎಂದ. ಅವ್ವನಿಗೆ ಕೊಡು ಎಂದೆ. ಅವ್ವ, "ದೇವ್ರ ಪಾವಟಿಗಿ ಅವ್ವಾ, ಕೈ ಊರಿ ಹತ್ತಿದ್ರ ಏನಾತು?" ಎಂದು ಫೋನು ತಿರುಗಿ ಕೊಟ್ಟುಬಿಟ್ಟಳು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಅಲ್ಲಿಂದಲೇ ಶುರುವಾಯಿತು. ಭಾನುವಾರ ಬೀರೋಬಾನ ವಾರ. ಹಳೆಯ ಮನೆಗೂ ಭಾವಕಿಯ, ಎಂದರೆ ದಾಯಾದಿ ಮನೆಗಳ, ಹೆಂಗಸರು ಆ ದಿನ ಕೈಮುಗಿಯಲು ಬರುತ್ತಿದ್ದರು. ಹೊಸ ಮನೆಗೆ ಬಂದವರು ವಿಡಿಯೋ ನೋಡಿದ್ದರು. ಒಬ್ಬಳು ಅವ್ವನಂತೆಯೇ ಕೈಯೂರಿ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು ಹತ್ತಿದಳು. ಆಮೇಲೆ ಕಾಲ ಮೇಲೆ ನಡೆದು ಹತ್ತುವುದು ಅಹಂಕಾರ ಎಂಬ ಮಾತು ಹುಟ್ಟಿತು. ಮಗನಿಗೆ ಹೆಣ್ಣು ಸಿಗಲಿ ಎಂದು ಹರಕೆ ಹೊತ್ತವರು ಬಂದರು, ಭಂಡಾರಕವಠೆ ಊರಿನಿಂದ ಒಂದು ಜೀಪು ಮಾಡಿಕೊಂಡು ಬಂದರು. ಕೆಟ್ಟ ಅಳತೆಗೆ ಕುಂಕುಮ ಹಚ್ಚಿ ದೇವರು ಮಾಡುವ ಜನ ನಮ್ಮವರು. ಇದನ್ನು ನಾನು ನಗುತ್ತಾ ಬರೆಯುತ್ತಿಲ್ಲ.

ಒಂದು ಭಾನುವಾರ ನಾನೇ ಹೋದೆ. ನನ್ನ ಕೆಲಸಗಾರನಿಗೆ ಹೇಳಿ ಗೀರು ಕೊಯ್ಯುವ ಮಶೀನು ಚೀಲದಲ್ಲಿ ಹಾಕಿಸಿಕೊಂಡೇ ಹೋದೆ, ಒಂದು ದಿನದ ಕೆಲಸ, ಮಾಡಿಯೇ ಬರುತ್ತೇನೆ ಎಂದು. ಅಂಗಳದಲ್ಲಿ ಊಟದ ಪಂಕ್ತಿ ಹಾಕಿದ್ದರು. ಹಾಲ್‌ನಲ್ಲಿ ಮೆಟ್ಟಿಲಿನ ಅಂಚಿಗೆಲ್ಲ ಕುಂಕುಮದ ಬೊಟ್ಟು ಇತ್ತು, ಮೊದಲ ಮೆಟ್ಟಿಲ ಮೇಲೆ ತೆಂಗಿನಕಾಯಿ ಒಡೆದ ನೀರು. ದೀಪದ ಎಣ್ಣೆ, ಭಂಡಾರ, ಕಾಯಿನೀರು, ಕನ್ನಡಿ ಪಾಲಿಶ್! ಗಟ್ಟಿಮುಟ್ಟಾದ ಹೆಂಗಸರು ಕಿಲಕಿಲ ನಗುತ್ತಾ ಕೈಯೂರಿ ಹತ್ತಿ, ಅಷ್ಟೇ ಸಲೀಸಾಗಿ ಕಾಲ ಮೇಲೆ ಇಳಿದು ಬರುತ್ತಿದ್ದರು. ತಮ್ಮನ ಹೆಂಡತಿ ನನಗೂ ಒಂದು ಚಂಬು ನೀರು ಕೊಟ್ಟು, ಹತ್ತುವ ಮೊದಲು ಕೈ ತೊಳೆದುಕೊಳ್ಳಿ ಎಂದಳು. ಕೈ ತೊಳೆದುಕೊಂಡೆ. ಹತ್ತಿದ್ದು ಮಾತ್ರ ಕಾಲ ಮೇಲೆಯೇ.

ತಮ್ಮ ನನ್ನ ಚೀಲ ನೋಡಿ ಮೊದಲೇ ಮಾತು ತೆಗೆದ. "ಅಕ್ಕಾ, ಅದನ್ನ ಹೊರಗ ತೆಗೀಬ್ಯಾಡ. ಈಗ ಅದಕ್ಕ ಮಶೀನ ಹಚ್ಚಾಕ ಬರಂಗಿಲ್ಲ. ಮಂದಿ ಹರಕಿ ಹೊತ್ತಾರ."

"ಹರಕಿ ದೇವ್ರಿಗೋ, ಗ್ರಾನೈಟ್‌ಗೋ?"

ಅವನು ಮಾತು ತಿರುಗಿಸಿದ. ಅವ್ವ ಪೂಜೆ ಮುಗಿದ ಮೇಲೂ ಎರಡು ಮೂರು ತಾಸು ದೇವರ ಮುಂದೆ ಧ್ಯಾನಕ್ಕೆ ಕೂರುತ್ತಾಳೆ, ಹೊಸ ಮನೆಗೆ ಬಂದ ಮೇಲೆ ಅವಳ ಭಕ್ತಿ ಹೆಚ್ಚಿದೆ ಎಂದು ಅಭಿಮಾನದಿಂದ ಹೇಳಿ ಪಂಕ್ತಿ ನೋಡಲು ಹೋದ. ಅವನು ಕೆಟ್ಟವನಲ್ಲ. ಅವ್ವನಿಗೆ ಔಷಧಿ ತಪ್ಪಿಸಿದವನಲ್ಲ. ಆದರೂ ಹೇಳುತ್ತೇನೆ, ಅವನ ಆ ಅಭಿಮಾನ ಕಂಡು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಮೇಲೆ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಬಂದವರು ದೇವರಿಗೂ ಅವಳಿಗೂ ಕೈಮುಗಿದು ಇಳಿದು ಹೋದರು. ಊಟದ ಕರೆ ಬಂದು ಕೋಣೆ ಖಾಲಿಯಾಯಿತು. ಅವ್ವ ಒಂದು ಕಣ್ಣು ತೆರೆದಳು.

"ಹಾಲ್‌ನ್ಯಾಗ ಯಾರರ ಅದಾರೇನು, ನೋಡು."

"ಯಾಕ?"

"ಇಳೀಬೇಕು."

"ಮಂದಿ ಇದ್ರ ಇಳಿಯಾಕ ಬರಂಗಿಲ್ಲೇನು?"

ಅವ್ವ ದೇವರ ಕಡೆ ನೋಡಿದಳು. "ಹತ್ತೂದು ಕೈ ಊರಿ ಹತ್ತತೀನಿ. ಅದಕ್ಕ ಭಕ್ತಿ ಅಂತಾರ. ಇಳಿಯೂದಕ್ಕ ಏನಂತಾರ? ಕುಂತಕೊಂಡು, ಕೂಸು ಸರದಂಗ ಸರಕೋತ ಇಳೀತೀನವ್ವಾ. ಅದನ್ನ ಮಂದಿ ನೋಡಬಾರದು."

ಅದಕ್ಕೇ ಧ್ಯಾನ. ಹಾಲ್ ಖಾಲಿಯಾಗುವವರೆಗೆ ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ನಡುವೆ ಇಳಿಯುವ ಪ್ರಸಂಗ ಬರಬಾರದು ಎಂದು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಅವಳ ತುಟಿ ಒಡೆದಿದ್ದವು. ಕೈ ಹಿಡಿದು ನೋಡಿದೆ, ಅಂಗೈ ಬುಡದಲ್ಲಿ ಚರ್ಮ ಗಟ್ಟಿಯಾಗಿತ್ತು.

"ಅವಗ ಯಾಕ ಹೇಳಿಲ್ಲ?"

"ಹೇಳಿದ್ರ ಏನಾಗತೈತಿ, ಗೊತ್ತಿಲ್ಲೇನು? ಅವ್ವಾ, ನೀ ಇನ್ನ ಹತ್ತಬ್ಯಾಡ, ಕೆಳಗ ಆರಾಮ ಕುಂಡ್ರು ಅಂತಾನ. ಪೂಜಾ ಅವನ ಹೆಂಡ್ತಿ ಮಾಡತಾಳ. ನನಗ ಟಿವಿ ಮುಂದ ಒಂದು ಕುರ್ಚಿ ಹಾಕ್ತಾರ. ಆಮ್ಯಾಲ ನಾ ಈ ಮನ್ಯಾಗ ಯಾರು? ಹೇಳಬ್ಯಾಡ. ನನ್ನಾಣಿ ಐತಿ."

ಆಣೆ ಹಾಕಿದಳು. ನಾನು ಮೀರಿದೆ. ಅಷ್ಟು ಸಿಟ್ಟು ಬಂದಾಗ ಆಣೆ ಕಿವಿಗೆ ಬೀಳುವುದಿಲ್ಲ. ಧಡಧಡ ಇಳಿದು ಅಂಗಳಕ್ಕೆ ಹೋದೆ. ಪಂಕ್ತಿಯಲ್ಲಿ ಹಿರಿಯರೆಲ್ಲ ಕೂತಿದ್ದರು, ತಮ್ಮ ಬಡಿಸುತ್ತಿದ್ದ. ಅವರೆಲ್ಲರ ಎದುರಿಗೇ ಕೂಗಿದೆ.

"ನಿಮ್ಮ ಭಕ್ತಿಗೆ ಬೆಂಕಿ ಹಚ್ಚಲಿ! ಅವ್ವಗ ಆ ಪಾವಟಿಗಿ ಹತ್ತಾಕ ಬರಂಗಿಲ್ಲ. ಕಾಲು ಏಳಂಗಿಲ್ಲ ಅಂತ ಕೈ ಊರತಾಳ. ಇಳಿಯಾಕಂತೂ ಬರಂಗೇ ಇಲ್ಲ. ನೀವು ಅದಕ್ಕ ಕುಂಕುಮ ಹಚ್ಚೀರಿ!"

ತಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಯಾರೂ ತುತ್ತು ಎತ್ತಲಿಲ್ಲ. ಒಬ್ಬ ಹಿರಿಯರು ಎದ್ದು, "ಆಕಿನ್ನ ಕೇಳೂಣು" ಅಂದರು. ನಾಲ್ಕಾರು ಮಂದಿ ಹಾಲ್‌ಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ತಮ್ಮ ಮೇಲೆ ಮುಖ ಮಾಡಿ ಕರೆದ. ಅವನ ದನಿ ಸಣ್ಣದಾಗಿತ್ತು, ಒಂದು ಕ್ಷಣ ನನಗೆ ಆಸೆಯೂ ಹುಟ್ಟಿತು.

"ಅವ್ವಾ, ನಿನಗ ಪಾವಟಿಗಿ ಹತ್ತಾಕ ಬರಂಗಿಲ್ಲೇನು? ಖರೇ ಹೇಳು."

ಅವ್ವ ಮೇಲಿನ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಿಂತಳು. ಅಷ್ಟು ನೆಟ್ಟಗೆ ನಿಲ್ಲಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು!

"ಯಾರಂದ್ರು? ನಾ ಭಕ್ತಿಲೆ ಕೈ ಊರತೀನಿ." ಆಮೇಲೆ ನನ್ನ ಕಡೆ ನೋಡಿದಳು. "ಆಕಿ ಮಾತು ಕೇಳಬ್ಯಾಡ್ರಿ. ಕಲ್ಲು ಮಾರಾಕಿ ಆಕಿ. ತನ್ನ ಅಂಗಡ್ಯಾಗ ತಗೋಲಿಲ್ಲ ಅಂತ ಸಿಟ್ಟೈತಿ ಆಕಿಗೆ."

ಮಂದಿ ನಕ್ಕರು. ಒಬ್ಬರು, ಅಕ್ಕತಮ್ಮನ ಜಗಳಕ್ಕೆ ದೇವರನ್ನು ಯಾಕೆ ಎಳೆಯುತ್ತೀರಿ ಎಂದು ನನಗೇ ಬುದ್ಧಿ ಹೇಳಿದರು. ತಮ್ಮನ ಮುಖಕ್ಕೆ ಜೀವ ಬಂತು. ಊಟ ಆರುತ್ತದೆ ಎಂದು ಎಲ್ಲರನ್ನೂ ಕರೆದುಕೊಂಡು ಹೊರಟ. ನಾನು ಹಾಲ್‌ನ ನಡುವೆ ಮಶೀನಿನ ಚೀಲ ಹಿಡಿದು ನಿಂತೆ. ಹೆತ್ತ ತಾಯಿಯ ಮೇಲೆ ಅಷ್ಟು ಸಿಟ್ಟು ನನಗೆ ಮೊದಲು ಎಂದೂ ಬಂದಿರಲಿಲ್ಲ. ಹೋಗಿಬಿಡಬೇಕು, ಬಸ್ಸು ಹಿಡಿಯಬೇಕು, ಇನ್ನು ಈ ಹೊಸ್ತಿಲು ತುಳಿಯಬಾರದು ಎಂದುಕೊಂಡೆ.

"ಹೋದ್ರೇನು ಎಲ್ಲಾರು?" ಮೇಲಿನಿಂದ ಅವ್ವ ಮೆಲ್ಲಗೆ ಕೇಳಿದಳು.

"ಹೋದ್ರು."

"ಬಾಗಲಾ ಹಾಕು."

ಹಾಕಿದೆ. ಮೆಟ್ಟಿಲ ಹತ್ತಿರ ಹೋಗಿ, ಬಾ, ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದೆ. ಅವ್ವ ಆಗಲೇ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಎರಡೂ ಕೈ ಪಕ್ಕಕ್ಕೆ ಊರಿದ್ದಳು.

"ಹಿಡೀಬ್ಯಾಡ. ಜಾರಿದ್ರ ಇಬ್ರೂ ಬೀಳತೀವಿ. ನೀ ಆ ಕಡಿ ಮಾರಿ ಮಾಡಿ ನಿಂದರು."

"ಅವ್ವಾ, ನಾ ನಿನ್ನ ಮಗಳಲ್ಲೇನು?"

"ಅದಕ್ಕೇ ಹೇಳಾಕತ್ತೀನಿ. ಆ ಕಡಿ ಮಾರಿ ಮಾಡು."

ಬಾಗಿಲ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಸೀರೆ ಕಲ್ಲಿನ ಮೇಲೆ ಸವರುವ ಸದ್ದು, ಧೊಪ್ಪೆಂದು ಒಂದು ಮೆಟ್ಟಿಲು ಕೆಳಗೆ ಕೂತ ಸದ್ದು, ಏದುಸಿರು. ಮತ್ತೆ ಅದೇ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಲ್ಲು ಕಚ್ಚಿದ್ದೆ. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದರು. ಹೊಸದಾಗಿ ಬಂದ ಹೆಂಗಸರು, ಹರಕೆಯವರು.

"ಬಾಗಲಾ ತೆಗೀರಿ! ಕೈ ತೊಳಕೊಂಡು ನಿಂತೀವಿ, ನಾವೂ ಹತ್ತಬೇಕು."

ಹಿಂದೆ ಸೀರೆಯ ಸದ್ದು ನಿಂತಿತು. ಅವ್ವ ನಡುವಿನ ಯಾವುದೋ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಳು. ಹೊರಗಿನವರು ಇನ್ನೂ ಜೋರಾಗಿ ಬಡಿದರು. ನಾನು ಚಿಲಕವನ್ನು ಎರಡೂ ಕೈಯಿಂದ ಅದುಮಿ ಹಿಡಿದು, ಅಂಗಳದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ.

"ನಿಂದರ್ರಿ! ಅವ್ವ ಧ್ಯಾನದಾಗ ಅದಾಳ."